ಸಾಹುಕಾರನ ಮೇಡಂ

"ನಮ್ಮನೇಲಿ ನಾಯಿ ಇಲ್ಲ ರೀ" ಎಂದ ಆ ಮನುಷ್ಯ, ಬಾಗಿಲಿಗೆ ಅಡ್ಡವಾಗಿ ನಿಂತು.

ಒಳಗಿನಿಂದ ನಾಯಿ ಬೊಗಳಿತು.

ಪ್ರಿಯಂವದಾ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಶಿಕಾರಿಪುರದಿಂದ ಆನವಟ್ಟಿಯವರೆಗೆ ಸ್ಕೂಟರಿನಲ್ಲಿ ಬಂದಿದ್ದಳು. ಶಿರಾಳಕೊಪ್ಪ ದಾಟಿದ ಮೇಲೆ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕಿದ್ದರು, ಉಳಿದರ್ಧದಲ್ಲಿ ಟ್ರ್ಯಾಕ್ಟರುಗಳು ಎದುರಾಗಿದ್ದವು. ಹುಬ್ಬಿನ ಮೇಲೆಲ್ಲ ಧೂಳು. ಇಷ್ಟಾದ ಮೇಲೆ ನಾಯಿಯೇ ಇಲ್ಲವಂತೆ.

"ಹಾಗಾದ್ರೆ ಬೊಗಳ್ತಿರೋದು ಯಾರು?"

"ಪಕ್ಕದ ಮನೇದು."

"ಪಕ್ಕದ ಮನೆ ನಾಯಿ ನಿಮ್ಮನೆ ಬಚ್ಚಲಲ್ಲಿ ಏನ್ಮಾಡ್ತಿದೆ?"

ಅವನು ಒಂದು ಕ್ಷಣ ಗಂಭೀರವಾಗಿ ಯೋಚಿಸಿದ. "ಸ್ನಾನ" ಎಂದ.

ಪ್ರಿಯಂವದಾಗೆ ನಗು ಬರಬೇಕಿತ್ತು. ಅಷ್ಟು ದೂರ ಬಂದವಳಿಗೆ ಬಂದದ್ದು ಸಿಟ್ಟು. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಬಸವಣ್ಣೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಏ ಸಿದ್ಧೂ, ಪಂಚಾಯ್ತಿಯೋರಲ್ಲೋ ಇವ್ರು. ನಾನೇ ಫೋನ್ ಮಾಡಿ ಕರ್ಸಿದ್ದು. ನಾಯಿ ಮೇಡಂ. ಬಾರವ್ವ, ಒಳಗ್ ಬಾ."

ನಾಯಿ ಮೇಡಂ. ಇದಕ್ಕಿಂತ ಕೆಟ್ಟದ್ದನ್ನೂ ಅವಳು ಕೇಳಿದ್ದಳು. 'ನಾಯಿಗೂ ಟ್ಯೂಷನ್ನಾ' ಎಂದು ನಕ್ಕವರಿದ್ದರು. ಹೋದ ವರ್ಷ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಏನು ಕೆಲಸ ಮಾಡುತ್ತಾಳೆಂದು ಕೇಳಿದಾಗ, ಸೋದರತ್ತೆ ಗಂಟಲು ಸರಿಮಾಡಿಕೊಂಡು "ಪ್ರಾಣಿ ಇಲಾಖೆ" ಎಂದಿದ್ದರು. ಅಂಥ ಇಲಾಖೆ ಇಲ್ಲವೆಂದು ಪ್ರಿಯಂವದಾ ಅಲ್ಲೇ ಹೇಳಿಬಿಟ್ಟಿದ್ದಳು. ಆ ಸಂಬಂಧ ಅಲ್ಲಿಗೇ ನಿಂತಿತು.

ಅವಳ ಅಪ್ಪ ಚಿದಂಬರ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಕಾಲು ಮುರಿದ ಮೇಕೆ, ಕಣ್ಣು ಬಿಡದ ಬೆಕ್ಕಿನ ಮರಿ, ತಾಯಿ ಸತ್ತ ಕರು, ಎಲ್ಲವೂ ಅವರ ಮನೆಯ ನಡುಮನೆಗೆ ಬಂದು ಬೆಳೆದು ಹೋಗುತ್ತಿದ್ದವು. ಓದು ಮುಗಿದ ಮೇಲೆ ಅವಳು ಶಿವಮೊಗ್ಗದಲ್ಲಿ ಒಬ್ಬ ಪಶುವೈದ್ಯರ ಕ್ಲಿನಿಕ್ಕಿಗೆ ಸೇರಿದಳು. ಡಾಕ್ಟರು ಸೂಜಿ ಹಾಕುವಾಗ ನಾಯಿಯನ್ನು ಹಿಡಿದುಕೊಳ್ಳುವುದು ಅವಳ ಕೆಲಸ. ವರ್ಷಗಟ್ಟಲೆ ಹಿಡಿದುಕೊಂಡಳು. ಒಂದು ದಿನ ಯಾರೋ ಒಂದು ಕಂದು ನಾಯಿಯನ್ನು ತಂದರು. ರೋಗವಿಲ್ಲ, ಗಾಯವಿಲ್ಲ. ಕಚ್ಚುತ್ತದೆ, ಮುಗಿಸಿಬಿಡಿ ಎಂದರು. ಆ ನಾಯಿ ಕೊನೆಯವರೆಗೂ ಅವಳ ಮೊಣಕೈಗೆ ತಲೆಯೊರಗಿಸಿಕೊಂಡಿತ್ತು. ಅದಕ್ಕೆ ಏನು ಹೆದರಿಕೆಯೆಂದು ಯಾರೂ ಕೇಳಿರಲಿಲ್ಲ. ತಾನೂ ಕೇಳಲಿಲ್ಲವಲ್ಲ ಎಂಬುದು ಅವಳನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಕೆಲಸ ಬಿಟ್ಟು, ಮೈಸೂರಿಗೆ ಹೋಗಿ ನಾಯಿಗಳ ನಡವಳಿಕೆಯ ತರಬೇತಿ ಪಡೆದು ಊರಿಗೆ ಬಂದಳು. ಈಗ ಹಿಡಿದುಕೊಳ್ಳುವ ಕೆಲಸವಿಲ್ಲ. ಕೇಳುವ ಕೆಲಸ.

"ನಾಯಿ ಹೆಸರೇನು?"

"ಸಾಹುಕಾರ" ಎಂದ ಸಿದ್ಧಲಿಂಗೇಶ್. "ಮರಿ ಇದ್ದಾಗ ಅಂಗಡಿ ಕುರ್ಚಿ ಬಿಟ್ಟು ಬೇರೆಲ್ಲೂ ಮಲಗ್ತಿರ್ಲಿಲ್ಲ."

ಅವನ ದನಿಗೆ ಗೋಡೆಯ ಕ್ಯಾಲೆಂಡರ್ ಅಲುಗಾಡಿದಂತಾಯಿತು. ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ: ಸ್ಪೀಕರ್ ಡಬ್ಬಗಳು, ಆಂಪ್ಲಿಫೈಯರುಗಳು, ಸುತ್ತಿಟ್ಟ ವೈರುಗಳು. ಮೂವತ್ತೇಳರ ವಯಸ್ಸಿನಲ್ಲಿ ಅರ್ಧ ಆಯಸ್ಸನ್ನು 'ಹಲೋ, ಮೈಕ್ ಟೆಸ್ಟಿಂಗ್' ಎನ್ನುವುದರಲ್ಲೇ ಕಳೆದಿದ್ದರಿಂದ ಮೆಲ್ಲಗೆ ಮಾತನಾಡುವುದು ಅವನಿಗೆ ಮರೆತೇಹೋಗಿತ್ತು.

ಸಮಸ್ಯೆ ಇಷ್ಟು. ಪಕ್ಕದ ಮನೆಯ ಹುಲಿಯಪ್ಪ ಸೌಂಡ್ ಜಾಸ್ತಿಯಾಯಿತೆಂದು ದೂರಲು ಬಂದಿದ್ದರು. ಮೈಕು ಕಿರ್ರೆಂದು ಕೂಗಿತು. ಮೇಜಿನಡಿ ಇದ್ದ ಸಾಹುಕಾರ ಹಾರಿ ಬಂದು ಅವರ ಮೀನಖಂಡಕ್ಕೆ ಹಲ್ಲೂರಿದ. ಯುಗಾದಿಯೊಳಗೆ ನಾಯಿ ಮನೆ ಬಿಡದಿದ್ದರೆ ಪಂಚಾಯ್ತಿಗೆ ಅರ್ಜಿ ಕೊಡುತ್ತೇನೆಂದು ಅವರು ಹೇಳಿದ್ದರು.

ಪ್ರಿಯಂವದಾ ಕೋಣೆಯಲ್ಲಿ ನಿಂತು, ಮೇಜು ಎಲ್ಲಿತ್ತು, ಹುಲಿಯಪ್ಪ ಎಲ್ಲಿದ್ದರು ಎಂದು ಕೇಳಿ ಕೇಳಿ ತಿಳಿದುಕೊಂಡಳು.

"ಅವನು ಹುಲಿಯಪ್ಪನೋರ ಮೇಲೆ ಹೋಗಿದ್ದಲ್ಲ. ಬಾಗಿಲ ಕಡೆ ಹೋಗಿದ್ದು. ಅವ್ರು ಮಧ್ಯ ನಿಂತಿದ್ರು."

ಸಿದ್ಧಲಿಂಗೇಶ್ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಹುಬ್ಬಿನ ಧೂಳಿನಿಂದ ಹಿಡಿದು ಗಲ್ಲದವರೆಗೆ. ಅವಳು ಬೇರೆ ಕಡೆ ತಿರುಗಿದಳು.

ಹೀಗೆ ಪ್ರತಿ ಗುರುವಾರದ ಪಾಠ ಶುರುವಾಯಿತು. ಹಿತ್ತಲ ಕೋಣೆಯಲ್ಲಿ ಸಾಹುಕಾರನಿಗೆ ಮಲಗಲೊಂದು ಗೋಣಿತಾಟು. ಸದ್ದು ಕೇಳಿದರೆ ಅಲ್ಲಿಗೆ ಹೋಗಬೇಕು. ಹೋದರೆ ಬೆಣ್ಣೆ ಸವರಿದ ರೊಟ್ಟಿ ಚೂರು. ಮೊದಲು ಸಣ್ಣ ಸದ್ದು, ವಾರವಾರಕ್ಕೆ ಸ್ವಲ್ಪ ದೊಡ್ಡದು. ನಾಯಿ ಬೇಗ ಕಲಿಯಿತು. ಕಲಿಯದೆ ಕಾಡಿದ್ದು ನಾಯಿಯ ಯಜಮಾನ.

"ಸಾಹುಕಾರ, ಜಾಗ. ಏ ಜಾಗ. ಜಾಗಕ್ಕೆ ಹೋಗೋ. ಹೋಗೋ ಅಂದ್ನಲ್ಲ."

"ನೀವು ಕರೀತಿರೋದು ನಾಯೀನೋ ಹಾನಗಲ್ ಬಸ್ಸಿನ ಪ್ಯಾಸೆಂಜರನ್ನೋ? ಒಂದೇ ಸಲ ಹೇಳಿ. ಮೆಲ್ಲಗೆ ಹೇಳಿ."

"ಮೆಲ್ಲಗೇ ಹೇಳಿದ್ನಲ್ಲ ಮೇಡಂ."

"ಬಸ್‌ಸ್ಟ್ಯಾಂಡಲ್ಲಿ ನಾಕು ಜನ ಎದ್ದು ಹೋಗಿರ್ತಾರೆ, ನೋಡ್ಕೊಂಡು ಬನ್ನಿ."

ಬೈಗುಳ ಬಿದ್ದಾಗಲೆಲ್ಲ ಅವನು ಮಂಡಿಯೂರಿ ನಾಯಿಯ ಪಕ್ಕ ಕೂತುಬಿಡುತ್ತಿದ್ದ, ಬೈಸಿಕೊಂಡಿದ್ದು ಅದೇ ಎಂಬಂತೆ. ಆಮೇಲೆ ಅಲ್ಲಿಂದಲೇ ನಿಧಾನಕ್ಕೆ ಕಣ್ಣೆತ್ತುತ್ತಿದ್ದ. ನಾಯಿಯೂ ಕಣ್ಣೆತ್ತುತ್ತಿತ್ತು. ಇಬ್ಬರ ನೋಟವೂ ಒಂದೇ. ಬೈಯಲು ತೆರೆದ ಬಾಯಲ್ಲಿ ಮಾತು ಅಲ್ಲೇ ಕರಗಿಹೋಗುತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬರುತ್ತಿತ್ತು.

"ಪ್ರಿಯಂವದಾ ಅಂದ್ರೆ ಸಿಹಿಯಾಗಿ ಮಾತಾಡೋಳು ಅಂತ ಅಲ್ವಾ ಮೇಡಂ?" ಎಂದು ಒಂದು ದಿನ ಕೇಳಿದ.

"ಹೌದು."

"ಯಾರಿಟ್ಟ ಹೆಸರು?"

"ಅಪ್ಪ. ನಾನು ಮಾತು ಕಲಿಯೋಕೆ ಮುಂಚೆ."

ಅವನು ನಕ್ಕ. ಆ ನಗು ಮಾತ್ರ ಸದ್ದಿಲ್ಲದ್ದು. ಕಣ್ಣಂಚಿನಲ್ಲಿ ಹುಟ್ಟಿ ಅಲ್ಲೇ ಇಂಗಿಹೋಗುವಂಥದ್ದು. ಇಷ್ಟು ಗದ್ದಲದ ಮನುಷ್ಯನೊಳಗೆ ಇಷ್ಟು ಸಣ್ಣ ನಗು ಎಲ್ಲಿತ್ತೋ. ಶಿರಾಳಕೊಪ್ಪದವರೆಗೂ ಅವಳು ಅದನ್ನೇ ಯೋಚಿಸುತ್ತ ಸ್ಕೂಟರ್ ಓಡಿಸಿದಳು. ತಿರುವಿನಲ್ಲಿ ಮೆಕ್ಕೆಜೋಳದ ಮೇಲೇ ಹತ್ತಿಸಿ, ಕಾಯುತ್ತಿದ್ದ ಅಜ್ಜಿಯಿಂದ ಬೈಸಿಕೊಂಡಳು.

ಅವನ ಫೋನುಗಳು ಮಾತ್ರ ನಿಲ್ಲಲಿಲ್ಲ. ಸಾಹುಕಾರ ಚಪ್ಪಲಿ ಕಚ್ಚಿದ. ಸಾಹುಕಾರ ಹಾಲಿನವನ ಮೇಲೆ ಹೋದ. ನೀವು ಬಂದು ಹೋದ ಮಾರನೇ ದಿನವೇ ಎಲ್ಲ ಮರೆತ. ಬರಲೇಬೇಕು ಮೇಡಂ. ಅವಳು ತಲೆ ಕೆರೆದುಕೊಳ್ಳುತ್ತ ಸೋಮವಾರವೂ ಹೋಗತೊಡಗಿದಳು. ಅವಳು ಹೋದಾಗ ನಾಯಿ ಋಷಿಯಂತೆ ತಾಟಿನ ಮೇಲೆ ಕೂತಿರುತ್ತಿತ್ತು.

ಒಂದು ಗುರುವಾರ ಬೆಳಿಗ್ಗೆ ಸೊರಬದ ಶಿಕ್ಷಕಿ ವಾಗ್ದೇವಿ ಫೋನ್ ಮಾಡಿದರು. ಅವರ ಲ್ಯಾಬ್ರಡಾರಿಗೆ ಮುಂದಿನ ವಾರದಿಂದ ಪಾಠ ಶುರುವಾಗಬೇಕಿತ್ತು.

"ಬೇಡ ಬಿಡಮ್ಮ. ಆನವಟ್ಟಿ ನಾಯಿ ಇನ್ನೂ ಹಾಗೇ ಇದೆಯಂತಲ್ಲ. ಅದರ ಯಜಮಾನ್ರೇ ಹೇಳ್ಕೊಂಡು ತಿರುಗ್ತಿದ್ದಾರಂತೆ."

ಪ್ರಿಯಂವದಾ ಹೊತ್ತಿಗೆ ಮುಂಚೆಯೇ ಆನವಟ್ಟಿಗೆ ಹೊರಟಳು. ಸಿದ್ಧಲಿಂಗೇಶ್ ಮನೆಯಲ್ಲಿರಲಿಲ್ಲ, ಕುಪ್ಪಗಡ್ಡೆಯ ಮದುವೆಗೆ ಕೊಟ್ಟಿದ್ದ ಮೈಕ್ ಸೆಟ್ ತರಲು ಹೋಗಿದ್ದ. ಮುಂದಿನ ಕೋಣೆಯಲ್ಲಿ ಕೆಲಸದವರು ಸ್ಪೀಕರ್ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಹಿತ್ತಲ ಕೋಣೆಯಲ್ಲಿ ಸಾಹುಕಾರ ಹೊಟ್ಟೆ ಮೇಲೆ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದ.

"ಮೊನ್ನೆ ಚಪ್ಪಲಿ ಕಚ್ಚಿದ್ನಂತೆ?" ಎಂದಳು.

"ಯಾವ ಚಪ್ಪಲಿ?" ಬಸವಣ್ಣೆಮ್ಮ ಕಾಳು ಆರಿಸುವುದನ್ನು ನಿಲ್ಲಿಸಿದರು. "ಚಪ್ಪಲೀನೂ ಇಲ್ಲ, ಎಂಥದೂ ಇಲ್ಲ. ಹಾಲಿನೋನ ಕೈ ನೆಕ್ಕತಾನೆ. ನೀ ಎರಡನೇ ಸಲ ಬಂದು ಹೋದ್ಮೇಲೆ ಒಬ್ಬರ ಮೇಲೂ ಹೋಗಿಲ್ಲವ್ವ. ಆದ್ರೆ ಹುಲಿಯಪ್ಪ ಬೆಳಿಗ್ಗೆ ಬಂದಿದ್ದ. ನಾಯಿ ಸರಿಹೋಗಿಲ್ಲ ಅಂತ ನಿನ್ನ ಮಗನೇ ಹೇಳ್ತಾನಲ್ಲ, ಯುಗಾದೀನೂ ಬಂತು, ನಾಳೆ ಅರ್ಜಿ ಕೊಡ್ತೀನಿ ಅಂದ."

ಸಿದ್ಧಲಿಂಗೇಶ್ ಗೂಡ್ಸ್ ಆಟೋದಿಂದ ಇಳಿಯುವಾಗ ಅವಳು ಜಗಲಿಯಲ್ಲೇ ನಿಂತಿದ್ದಳು. ಅವಳ ಮುಖ ನೋಡಿದವನೇ ಅವನು ಕೈಯಲ್ಲಿದ್ದ ವೈರು ಕೆಳಗಿಟ್ಟ.

"ಯಾಕೆ ಹೇಳಿದ್ರಿ ಸುಳ್ಳು?"

ಅವನು ಬಗ್ಗಿ, ಕೆಳಗಿಟ್ಟ ವೈರನ್ನೇ ಮತ್ತೆ ಸುತ್ತತೊಡಗಿದ.

"ನಾಯಿಗೆ ಮಾತು ಬರಲ್ಲ ರೀ. ನನ್ನ ಕೆಲಸ ಹೇಗಿದೆ ಅಂತ ಅದು ಯಾರಿಗೂ ಹೇಳಲ್ಲ. ಜನ ಹೇಳ್ಬೇಕು. ನೀವು ಊರಿಗೆಲ್ಲ ಹೇಳಿದ್ದೇನು? ಸೊರಬದ ಕೆಲಸ ಹೋಯ್ತು, ಅದಿರ್ಲಿ. ನಾಳೆ ಇವನನ್ನ ಹಿಡ್ಕೊಂಡು ಹೋಗ್ತಾರೆ. ಏನೂ ತಪ್ಪು ಮಾಡದವನನ್ನ. ಅಂಥದೊಂದನ್ನ ನಾನು ಕೈಯಾರೆ ಹಿಡ್ಕೊಂಡಿದ್ದೀನಿ. ನಿಮಗೆ ಗೊತ್ತಿಲ್ಲ ಅದು."

"ನಿಮ್ಮನ್ನ ನೋಡ್ಬೇಕಿತ್ತು" ಎಂದ ಅವನು. ಎಷ್ಟು ಮೆಲ್ಲಗೆಂದರೆ ಅವಳಿಗೆ ಅರ್ಧವೇ ಕೇಳಿಸಿತು. ಕೇಳಿಸಿದ ಅರ್ಧವೇ ಸಾಕಾಗಿತ್ತು.

"ನೋಡ್ಬೇಕು ಅಂದ್ರೆ ನೋಡ್ಬೇಕು ಅನ್ಬೇಕು" ಎಂದು ಹೇಳಿ ಅವಳು ಸ್ಕೂಟರ್ ಹತ್ತಿದಳು.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡ್ ಎದುರು ನಿಲ್ಲಿಸಿ ಚಹಾ ತೆಗೆದುಕೊಂಡಳು. ಎಂಥ ಮನುಷ್ಯ. ಬಚ್ಚಲಲ್ಲಿ ನಾಯಿ ಇಟ್ಟುಕೊಂಡು ಸ್ನಾನ ಎಂದವನಿಂದ ಇನ್ನೇನು ನಿರೀಕ್ಷೆ. ಅರ್ಧ ಚಹಾ ಮುಗಿಯುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು, ಅದನ್ನು ಅವಳು ತಳ್ಳಿದಳು. ಅದು ಹೋಗಲಿಲ್ಲ. ಹದಿನೈದು ವರ್ಷ ನಾಯಿಗಳ ಕಿವಿ, ಬಾಲ, ಕಣ್ಣು ನೋಡಿದವಳು ಅವಳು. ಸಾಹುಕಾರ ಕಲಿತಿದ್ದಾನೆಂದು ಗೊತ್ತಾಗಲು ಯಾರ ಫೋನೂ ಬೇಕಿರಲಿಲ್ಲ. ಗೊತ್ತಿದ್ದೂ ಸೋಮವಾರ ಹೋಗಿದ್ದಳು. ಗೊತ್ತಿದ್ದೂ ಹೊಸ ಚೂಡಿದಾರ್ ಹಾಕಿಕೊಂಡು ಹೋಗಿದ್ದಳು.

ಈಗ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಮಾರನೇ ದಿನ ಮಧ್ಯಾಹ್ನ ವಾಗ್ದೇವಿಯವರ ಫೋನ್. "ಮೈಕ್ ಸೆಟ್ಟಿನವರು ಸೊರಬದ ನಮ್ಮನೆಗೆ ಬಂದಿದ್ರಮ್ಮ. ಕೂತ್ಕೊಳ್ಳಿ ಅಂದ್ರೆ ಕೂರ್ಲಿಲ್ಲ. ಆ ಹುಡುಗಿ ಪಾಠ ಸರಿಯಾಗೇ ಮಾಡಿದ್ದಾಳೆ, ಕೆಟ್ಟಿದ್ದು ನಾನು ಅಂದ್ರು. ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳಿದೆ. ಅದನ್ನೂ ಹೇಳಿದ್ರು. ನನ್ನ ಯಜಮಾನ್ರು ಅಲ್ಲೇ ಇದ್ರು, ಅವರಿಗೇ ನಾಚಿಕೆ ಆಯ್ತು. ನೀನು ಸೋಮವಾರ ಬಾ."

ಸಂಜೆ ಬಸವಣ್ಣೆಮ್ಮನ ಫೋನ್. ಮಗ ಹುಲಿಯಪ್ಪನ ಮನೆಗೂ ಹೋಗಿ ಅದನ್ನೇ ಹೇಳಿದ್ದಾನೆ. ಅವರು ನಂಬಿಲ್ಲ. ತಾನೇ ಆ ಕೋಣೆಯಲ್ಲಿ ನಿಂತು ನೋಡುತ್ತೇನೆ, ಮೈಕು ಕೂಗಲಿ, ಆಮೇಲೆ ಅರ್ಜಿಯ ಮಾತು ಎಂದಿದ್ದಾರೆ. "ನೀ ಬರ್ಬೇಕವ್ವ. ಸಿದ್ಧೂ ಕರೆಯೋಕೆ ಹೆದರ್ತಿದಾನೆ."

ಅವಳು ಹೋದಳು.

ಹುಲಿಯಪ್ಪ ಎರಡು ಪ್ಯಾಂಟು ಹಾಕಿಕೊಂಡು ಬಂದಿದ್ದರು. ಸಿದ್ಧಲಿಂಗೇಶ್ ಆಂಪ್ಲಿಫೈಯರಿನ ಹಿಂದೆ ನಿಂತಿದ್ದ. ಅವಳತ್ತ ನೋಡುವ ಧೈರ್ಯ ಮಾಡಲಿಲ್ಲ. ಸಾಹುಕಾರ ಮೇಜಿನಡಿ ಮಲಗಿದ್ದ. ಪ್ರಿಯಂವದಾ ಹುಲಿಯಪ್ಪನವರ ಭುಜ ಹಿಡಿದು ಅವರನ್ನು ಬಾಗಿಲಿನ ಒಂದು ಬದಿಗೆ ನಿಲ್ಲಿಸಿದಳು.

"ಅವನಿಗೆ ದಾರಿ ಬಿಟ್ಟು ನಿಲ್ರಿ. ಅಷ್ಟೇ ಸಾಕು."

ಮೈಕು ಕಿರ್ರೆಂದಿತು. ಅವಳ ಎದೆಯೂ ಹಾಗೇ ಅಂದಿತು. ಸಾಹುಕಾರ ಎದ್ದ. ಕಿವಿ ಹಿಂದಕ್ಕೆ ಹೋಗಿತ್ತು, ಬಾಲ ಕೆಳಗಿತ್ತು. ಹುಲಿಯಪ್ಪನವರ ಕಾಲನ್ನೊಮ್ಮೆ ನೋಡಿದ. ಹುಲಿಯಪ್ಪ ಕಣ್ಣು ಮುಚ್ಚಿಕೊಂಡರು. ಯಾರೂ 'ಜಾಗ' ಎನ್ನಲಿಲ್ಲ. ನಾಯಿ ಅವರ ಪಕ್ಕದಿಂದಲೇ ಹಾದು ಹಿತ್ತಲ ಕೋಣೆಗೆ ಹೋಯಿತು. ತಾಟಿನ ಮೇಲೆ ಎರಡು ಸುತ್ತು ಸುತ್ತಿ ಮಲಗಿ ನಿಟ್ಟುಸಿರು ಬಿಟ್ಟಿತು.

ಹುಲಿಯಪ್ಪ ಒಂದು ಕಣ್ಣು ತೆರೆದು, "ಹೋದ್ನಾ?" ಎಂದರು. ಆಮೇಲೆ ಹೊಸ್ತಿಲಲ್ಲಿ ನಿಂತು, ಸೌಂಡ್ ಮಾತ್ರ ಇನ್ನೂ ಜಾಸ್ತಿನೇ ಇದೆ, ಅದಕ್ಕೆ ಬೇರೆ ಅರ್ಜಿ ಕೊಡ್ತೀನಿ ಎಂದು ಹೇಳಿ ಹೋದರು. ಬಸವಣ್ಣೆಮ್ಮ ಅವರ ಹಿಂದೆಯೇ ಚಹಾ ಹಿಡಿದು ಓಡಿದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಮುಗೀತಲ್ಲ" ಎಂದ ಸಿದ್ಧಲಿಂಗೇಶ್, ವೈರು ಸುತ್ತುತ್ತ. "ಇನ್ನು ಕರೆಯೋಕೆ ಕಾರಣ ಇಲ್ಲ ನನಗೆ."

"ಅವನು ಕಲಿತು ಬಹಳ ದಿನ ಆಗಿತ್ತು. ನಂಗೂ ಗೊತ್ತಿತ್ತು."

ಅವನ ಕೈಯಲ್ಲಿ ವೈರು ನಿಂತಿತು. "ಗೊತ್ತಿತ್ತಾ? ಮತ್ತೆ ಬಂದಿದ್ಯಾಕೆ?"

"ನೀವು ಕರೆದಿದ್ದಕ್ಕೆ." ಅವಳಿಗೆ ಮುಖ ಬಿಸಿಯಾಯಿತು, ದನಿ ಇನ್ನಷ್ಟು ಗಡುಸಾಯಿತು. "ಎಲ್ಲಾನೂ ಬಿಡಿಸಿ ಹೇಳ್ಬೇಕೇನ್ರಿ ನಿಮಗೆ? ನಾಯಿಗೆ ಅರ್ಥ ಆಗುತ್ತೆ."

ಅವನು ಅವಳನ್ನೇ ನೋಡಿದ. ಕಣ್ಣಂಚಿನ ನಗು ಈ ಸಲ ಅಲ್ಲೇ ಇಂಗಲಿಲ್ಲ, ಇಡೀ ಮುಖಕ್ಕೆ ಇಳಿದು ಬಂತು. "ನಿಮ್ಮಪ್ಪ ಏನಂತಾರೆ?"

"ಕೇಳೋಕೆ ಭಾನುವಾರ ನೀವೇ ಬನ್ನಿ."

ಭಾನುವಾರ ಅವನು ಶಿಕಾರಿಪುರಕ್ಕೆ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಚಿದಂಬರ ಅವನನ್ನು ನಡುಮನೆಯ ಬೆಂಚಿನ ಮೇಲೆ ಕೂರಿಸಿದರು. ಜಾತಿ ಕೇಳಲಿಲ್ಲ, ಆದಾಯ ಕೇಳಲಿಲ್ಲ. ಅವರಿನ್ನೂ ಮಾತು ಶುರುಮಾಡುವ ಮುಂಚೆಯೇ ಮೂರು ಕಾಲಿನ ಮುದಿ ಬೆಕ್ಕೊಂದು ಕುಂಟುತ್ತ ಬಂದು, ಅವನ ತೊಡೆಯೇರಿ, ಮುದುಡಿ ನಿದ್ದೆ ಹೋಯಿತು.

ಪ್ರಿಯಂವದಾ ಅಡುಗೆಮನೆಯಿಂದ ಬಂದಾಗ ಅವನು ಉಸಿರು ಬಿಗಿಹಿಡಿದು ಕೂತಿದ್ದ. ಬಿಳಿ ಅಂಗಿಯ ತುಂಬ ಕೂದಲು. ಪಕ್ಕದಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಅಪ್ಪ ಎದುರಿನ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತ, ಏನನ್ನೋ ತೀರ್ಮಾನಿಸಿದವರಂತೆ ಪೇಪರ್ ಮಡಚುತ್ತಿದ್ದರು.

"ಎಷ್ಟೊತ್ತಿಂದ ಹೀಗೆ ಕೂತಿದ್ದೀರಿ?" ಎಂದಳು.

"ಗೊತ್ತಿಲ್ಲ. ಕಾಲು ಮರಗಟ್ಟಿದೆ" ಎಂದು ಅವನು ಪಿಸುಗುಟ್ಟಿದ. "ಎದ್ದರೆ ಎಚ್ಚರ ಆಗುತ್ತಲ್ಲ ಇದಕ್ಕೆ."

ಅವಳು ತಣ್ಣಗಾದ ಚಹಾ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಳು. ಲೋಟವನ್ನು ಅವನ ಕೈಗೇ ಕೊಟ್ಟು, ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು.

"ಏಳ್ಬೇಡಿ" ಎಂದಳು, ತನಗೇ ಆಶ್ಚರ್ಯವಾಗುವಷ್ಟು ಸಿಹಿಯಾಗಿ.