ಜೋಗುಳದ ಗೋಡೆ

ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಕೆಳದುಟಿ ಒಮ್ಮೆ ನಡುಗಿತು. ಅಳು ಬರುವ ಮೊದಲು ಎಲ್ಲ ಕೂಸುಗಳೂ ಹೀಗೆಯೇ ಮಾಡುತ್ತವೆ. ಆದರೆ ಈ ಕೋಣೆಯಲ್ಲಿ ಅಳು ಬರಲಿಲ್ಲ. ತುಟಿ ನಡುಗಿದ್ದು ತಾಯಿಗಿಂತ ಮೊದಲೇ ಗೋಡೆಗೆ ಗೊತ್ತಾಗಿತ್ತು. ತಿಳಿಹಳದಿಯ ಗೋಡೆ ಮೆಲ್ಲಗೆ ಮಬ್ಬಾಯಿತು, ಕೋಣೆ ಸೆರಗಿನೊಳಗಿನಷ್ಟು ಬೆಚ್ಚಗಾಯಿತು, ಕಿವಿಗೆ ಕೇಳಿಸದಷ್ಟು ತಗ್ಗಿದ ಒಂದು ಗುಂಯ್‌ಗುಡುವಿಕೆ ತೊಟ್ಟಿಲ ಸರಪಳಿಯಲ್ಲಿ ಸಣ್ಣಗೆ ಅದುರಿತು. ಕೂಸಿನ ತುಟಿ ಸಡಿಲಾಯಿತು. ಅದು ಮತ್ತೆ ನಿದ್ದೆಗೆ ಜಾರಿತು.

ಬಾಗಿಲಲ್ಲಿ ನಿಂತಿದ್ದ ಇಂಚರಾ ಹಾಲು ಕಟ್ಟಿಕೊಂಡಿದ್ದ ಎದೆಯನ್ನು ಅಂಗೈಯಿಂದ ಒತ್ತಿಕೊಂಡಳು. ಎಬ್ಬಿಸಿ ಕುಡಿಸಲೇ ಎಂದು ಒಂದು ಮನಸ್ಸು, ಮಲಗಿರುವ ಕೂಸನ್ನು ಯಾವ ಮಹಾತಾಯಿ ಎಬ್ಬಿಸುತ್ತಾಳೆ ಎಂದು ಇನ್ನೊಂದು ಮನಸ್ಸು. ಯಾವುದು ಗೆದ್ದಿತೋ ಅವಳಿಗೆ ತಿಳಿಯಲಿಲ್ಲ. ಗೋಡೆಗೆ ಒರಗಿ ಕೂತವಳು ಅಲ್ಲಿಯೇ ನಿದ್ದೆ ಹೋದಳು.

ಇನ್ನು ಮೂರು ದಶಕ ಕಳೆದ ಮೇಲಿನ ಹುಬ್ಬಳ್ಳಿಯಲ್ಲಿ, ಮಗು ಹುಟ್ಟುವ ಮನೆಯವರು ಮೊದಲು ಆಡುತ್ತಿದ್ದ ಮಾತು ಈ ಗೋಡೆಯದೇ. ಅದನ್ನು ಕಂಡುಹಿಡಿದವರು ಧಾರವಾಡದ ಡಾಕ್ಟರ್ ವಾರುಣಿ ಬೆಳವಡಿ. ಅವಳಿ ಮಕ್ಕಳನ್ನು ಹೆತ್ತು, ವರ್ಷಗಟ್ಟಲೆ ನಿದ್ದೆಗೆಟ್ಟು, ಆ ಹಟಕ್ಕೇ ಕಂಡುಹಿಡಿದರೆಂದು ಜನ ಹೇಳುತ್ತಿದ್ದರು. ನೋಡುವುದಕ್ಕೆ ಅದು ಬಣ್ಣವೇ, ಬಳಿಯುವುದೂ ಬಣ್ಣದಂತೆಯೇ. ಆದರೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿದ್ದವು. ಅವು ತೊಟ್ಟಿಲಿನ ಅಲುಗಾಟ, ಮೈಶಾಖ, ಗಾಳಿಯ ಕದಲಿಕೆ ಎಲ್ಲವನ್ನೂ ಗ್ರಹಿಸುತ್ತಿದ್ದವು. ಬೇಕೆಂದಾಗ ಶಾಖ, ಬೆಳಕು, ನಾದಗಳನ್ನು ಹೊಮ್ಮಿಸುತ್ತಿದ್ದವು. ಒಂದು ಕೂಸಿನ ನೆಮ್ಮದಿ ಇನ್ನೊಂದರ ಹಾಗಿರುವುದಿಲ್ಲವಲ್ಲ, ಅದಕ್ಕಾಗಿ ಗೋಡೆ ಮೊದಲು ತೊಟ್ಟಿಲಲ್ಲಿ ಮಲಗಿದವರನ್ನು ಕೆಲಕಾಲ ಸುಮ್ಮನೆ ಗಮನಿಸುತ್ತಿತ್ತು. ಅವರು ಅತ್ಯಂತ ಸಮಾಧಾನವಾಗಿರುವ ಸ್ಥಿತಿಯನ್ನು 'ನೆಲೆ' ಎಂದು ಹಿಡಿದು, ಆಮೇಲೆ ಯಾವಾಗ ಕದಲಿದರೂ ಆ ನೆಲೆಗೇ ಮರಳಿ ತರುತ್ತಿತ್ತು.

ಈ ಗೋಡೆ ಬೇಕೆಂದು ಹಟ ಹಿಡಿದವಳು ಇಂಚರಾಳೇ. ನೀರು ಸರಬರಾಜಿನ ನಿಯಂತ್ರಣ ಕೊಠಡಿಯಲ್ಲಿ ಅವಳದು ಪಾಳಿ ಕೆಲಸ. ಬಸುರಿಯಾಗುವ ಮೊದಲೇ ಅವಳಿಗೆ ನಿದ್ದೆ ಸಾಲುತ್ತಿರಲಿಲ್ಲ. ಮನೆಯ ಮೂಲೆಯ ಕೋಣೆಯನ್ನು ಕೂಸಿನ ಕೋಣೆ ಮಾಡಬೇಕು, ಕಿಟಕಿಗೆ ಹತ್ತಿಯ ಪರದೆ, ತೊಟ್ಟಿಲ ಮೇಲೆ ದಾರದ ಗಿಳಿಗೊಂಚಲು, ಕೆಳಗೆ ತನ್ನ ಹಳೆಯ ಸೀರೆಗಳ ಕೌದಿ ಎಂದು ಅವಳು ಮನಸ್ಸಿನಲ್ಲೇ ಎಲ್ಲ ಜೋಡಿಸಿಕೊಂಡಿದ್ದಳು.

ಅತ್ತೆ ರಶ್ಮಿ ಒಪ್ಪಲಿಲ್ಲ. ಕಾಲೇಜಿನಲ್ಲಿ ರೀಲ್ಸ್ ಮಾಡಿ ಕುಣಿದ ತಲೆಮಾರಿನ ಹೆಂಗಸು ಆಕೆ. ಅಜ್ಜಿಯಾಗುವ ಸುದ್ದಿ ಕೇಳಿದ್ದೇ ತಡ, ಎಲ್ಲಿದ್ದವೋ ಶಾಸ್ತ್ರಗಳೆಲ್ಲ ಮೈದುಂಬಿ ಬಂದುಬಿಟ್ಟವು.

"ಕೂಸು ಹುಟ್ಟೂಕಿಂತ ಮೊದಲ ಏನೂ ತರಬಾರದು ಇಂಚರಾ. ನಮ್ಮ ಸಮರ್ಥ ಹುಟ್ಟಿದಾಗ ಒಂದು ಕುಂಚಿಗಿ ಸೈತ ತಂದಿದ್ದಿಲ್ಲ. ಮಂದಿ ಮಕ್ಕಳ ಹಳೇ ಅರಬಿ ಹಾಕಿದ್ವಿ."

"ಬಣ್ಣ ಒಣಗಾಕ ತಿಂಗಳುಗಟ್ಟಲೆ ಬೇಕಂತ್ರಿ ಅತ್ತಿ. ತೊಟ್ಲಾನೂ ಆವಾಗ ಕಟ್ಟಿ, ಗ್ವಾಡಿಗೆ ಜೋಡಿಸಬೇಕಂತ. ಆಮ್ಯಾಲೆ ಆಗಾಂಗಿಲ್ಲಂತ."

"ನೀ ಏನಂತೀಪಾ?" ಎಂದು ರಶ್ಮಿ ಮಗನ ಕಡೆ ನೋಡಿದಳು. ಸಮರ್ಥ ಎಂದಿನಂತೆ "ಹೂಂ" ಎಂದ. ಅದು ಯಾರ ಪರವೋ ಯಾರಿಗೂ ತಿಳಿಯಲಿಲ್ಲ. ಮದುವೆಯ ಹೊಸತರಲ್ಲಿ ಒಮ್ಮೆ ಅವನಿಗೆ ಹೊಟ್ಟೆಯಲ್ಲಿ ಕರುಳಬಾಲ, ಅಂದರೆ ಅಪೆಂಡಿಕ್ಸ್, ಬಾತು ಒಡೆದಿತ್ತು. ಬಚ್ಚಲಲ್ಲಿ ಕುಸಿದು ಬೀಳುವ ತನಕ ಅವನು ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಇಂಚರಾ ಅತ್ತು ಕೇಳಿದಾಗ, "ಹೇಳಬೇಕು ಅನ್ನಿಸಲಿಲ್ಲ" ಎಂದಿದ್ದ. ಅತ್ತೆ ಮಾತ್ರ ಅದನ್ನು ಹೆಮ್ಮೆಯಿಂದ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಕೊನೆಗೆ ಇಬ್ಬರಿಗೂ ಒಪ್ಪುವ ದಾರಿಯನ್ನು ರಶ್ಮಿಯೇ ಕಂಡುಕೊಂಡಳು. ಗೋಡೆಗೆ ಬಣ್ಣ ಬಳಿಯಲಿ, ತೊಟ್ಟಿಲೂ ಕಟ್ಟಲಿ. ಆದರೆ ಖಾಲಿ ತೊಟ್ಟಿಲು ತೂಗಾಡಬಾರದು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವ ಗುಂಡುಕಲ್ಲನ್ನು ಈಗಲೇ ಹಾಕಿಟ್ಟರೆ ಆಯಿತು. ಆ ಮನೆಯಲ್ಲಿ ಕಲ್ಲಿನಲ್ಲಿ ರುಬ್ಬಿದವರು ಯಾರೂ ಉಳಿದಿರಲಿಲ್ಲ. ಗುಂಡುಕಲ್ಲು ಮಾಳಿಗೆಯ ಮೇಲೆ ನೀರಿನ ಟಾಕಿಯ ಮುಚ್ಚಳ ಹಾರದಂತೆ ಕೂತಿತ್ತು. ಅದನ್ನು ಇಳಿಸಿ, ತೊಳೆದು, ಎಣ್ಣೆ ಸವರಿ, ತಲೆಗೆ ಕುಂಚಿಗಿ ಕಟ್ಟಿ, ಕೌದಿ ಹೊದಿಸಿ ಮಲಗಿಸಿದಳು. ಗಟ್ಟಿಮುಟ್ಟಾದ ಮಗುವಾಗಲಿ ಎಂಬುದು ಆ ಶಾಸ್ತ್ರದ ಆಸೆ. ಸೀಮಂತ ಮುಗಿಸಿಕೊಂಡು ಇಂಚರಾ ಹೆರಿಗೆಗೆಂದು ತವರೂರು ಗದಗಕ್ಕೆ ಹೋದಳು. ಕಲ್ಲು ಹುಬ್ಬಳ್ಳಿಯ ಕೋಣೆಯಲ್ಲಿ ಗಿಳಿಗೊಂಚಲಿನ ಕೆಳಗೆ ಸುಖವಾಗಿ ಮಲಗಿತ್ತು.

ಗದಗದಲ್ಲಿ ಕೂಸು ಹುಟ್ಟಿತು, ಗಂಡು. ಹುಟ್ಟಿದ ದಿನದಿಂದ ಮನೆಯ ಹಂಚು ಹಾರುವಂತೆ ಅತ್ತಿತು. ಹಸಿವಾದರೂ ಅಳು, ಹೊಟ್ಟೆ ತುಂಬಿದರೂ ಅಳು. ಇಂಚರಾ ಕೂತಲ್ಲಿ ತೂಕಡಿಸಿದಳು, ಊಟದ ತಟ್ಟೆಯ ಮುಂದೆ ತೂಕಡಿಸಿದಳು, ಕೂಸನ್ನು ಕಂಡರೆ ಸಿಟ್ಟು ಬಂದು ಆ ಸಿಟ್ಟಿಗೆ ತಾನೇ ಹೆದರಿದಳು. ಹಾಗಾಗಿ ಹುಬ್ಬಳ್ಳಿಗೆ ಮರಳಿ, ಕಲ್ಲನ್ನು ಎತ್ತಿ ಅಡಿಗೆಮನೆಯ ಮೂಲೆಗಿಟ್ಟು, ಕೂಸನ್ನು ಆ ತೊಟ್ಟಿಲಿಗೆ ಹಾಕಿದ ದಿನ ಅವಳಿಗೆ ಹೋದ ಜೀವ ಬಂದಂತಾಯಿತು. ಕೂಸು ಕಣ್ಣು ಮುಚ್ಚಿತು. ಗದಗದ ಕೂಸು ಇದೇ ಹೌದೋ ಅಲ್ಲವೋ ಎನ್ನುವಷ್ಟು ಗಪ್ಪಾಯಿತು.

ಚುಚ್ಚುಮದ್ದಿಗೆಂದು ಕರೆದುಕೊಂಡು ಹೋದಾಗ ಮಕ್ಕಳ ವೈದ್ಯೆ ತೂಕದ ತಕ್ಕಡಿಯನ್ನು ಎರಡು ಸಲ ನೋಡಿದರು. ಗದಗದಲ್ಲಿ ಇದ್ದದ್ದಕ್ಕಿಂತ ತೂಕ ಇಳಿದಿತ್ತು. "ಹಾಲು ಕುಡಿಸ್ತೀರಿಲ್ಲ?" ಎಂದು ಕೇಳಿದರು. ಎದ್ದಾಗಲೆಲ್ಲ ಕುಡಿಸುತ್ತೇನೆ ಎನ್ನಲು ಹೋಗಿ ಇಂಚರಾ ತಡೆದಳು. ಅದು ತಾನಾಗಿ ಎದ್ದದ್ದು ಯಾವಾಗ ಎಂಬುದೇ ನೆನಪಾಗಲಿಲ್ಲ. ಅಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಕೂಸು ಮುಖ ಕೆಂಪಾಗುವಂತೆ ಅತ್ತು, ಎದೆಗೆ ಬಾಯಿ ಹಾಕಿ ಗಟಗಟನೆ ಕುಡಿಯಿತು. ದಾರಿಯುದ್ದಕ್ಕೂ ಇನ್ನೂ ಬೇಕೆಂದು ಚೀರಿತು. ಮನೆಗೆ ಬಂದು ಕೋಣೆಯ ಹೊಸ್ತಿಲು ದಾಟಿದ್ದೇ, ಬಾಯಿ ತೆರೆದಿದ್ದಂತೆಯೇ ಅಳು ನಿಂತಿತು.

ಇಂಚರಾ ಕೂಸನ್ನು ಎತ್ತಿಕೊಂಡೇ ತಿರುಗಿದಳು. ಹೊರಗೆ ತಂದಳು, ಅತ್ತಿತು. ಒಳಗೆ ಒಯ್ದಳು, ನಿಂತಿತು. ಅವಳು ಅದನ್ನು ಪಡಸಾಲೆಯ ಚಾಪೆಯ ಮೇಲೆ ಮಲಗಿಸಿ ಡಾಕ್ಟರ್ ಬೆಳವಡಿಯವರಿಗೆ ಫೋನ್ ಮಾಡಿದಳು.

ಮರುದಿನ ಬೆಳಿಗ್ಗೆಯೇ ಬೆಳವಡಿ ಬಂದರು. ಕಣ್ಣ ಕೆಳಗೆ ಕಪ್ಪು ಕಟ್ಟಿದ್ದ, ನಿಧಾನವಾಗಿ ಮಾತಾಡುವ ಹೆಂಗಸು. ಗೋಡೆಯನ್ನು ಪರೀಕ್ಷಿಸಬೇಕೆಂದು ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತವರು, ಏನೋ ಹೇಳುತ್ತ ಹೇಳುತ್ತ ಮಾತು ಅರ್ಧಕ್ಕೇ ಬಿಟ್ಟು ನಿದ್ದೆ ಹೋದರು. ಅವರನ್ನು ತೋಳು ಹಿಡಿದು ಪಡಸಾಲೆಗೆ ತಂದು ಚಹಾ ಕೊಡಬೇಕಾಯಿತು.

"ನಾ ಹಿಂಗ ಮಾಡಿದ್ದಲ್ಲ ಇದನ್ನ," ಎಂದರು ಬೆಳವಡಿ ಕಣ್ಣುಜ್ಜಿಕೊಳ್ಳುತ್ತ. "ಹಸಿವಾದ್ರ ಗ್ವಾಡಿ ನಿಮ್ಮನ್ನ ಕರೀಬೇಕು. ಇದು ಹಸಿವನ್ನೂ ಮಲಗಸಾಕತ್ತೈತಿ. ನೆಲೀನ ಭಾಳ ಕೆಳಗ ಹೋಗೇತಿ. ಮೊದಲ ಆ ತೊಟ್ಲದಾಗ ಯಾರು ಮಲಗಿದ್ರು?"

ಇಂಚರಾ ಅತ್ತೆಯ ಮುಖ ನೋಡಿದಳು. ರಶ್ಮಿ ಸೆರಗು ಸರಿಮಾಡಿಕೊಂಡಳು. "ಯಾರೂ ಇಲ್ರಿ. ಗುಂಡಕಲ್ಲು ಇತ್ತು."

"ಎಷ್ಟೊತ್ತು?"

"ಈಕಿ ತವರಿಗೆ ಹೋಗಿ ಬರೂ ತನಕ."

ಬೆಳವಡಿ ಕಪ್ಪು ಕೆಳಗಿಟ್ಟರು. ಆಮೇಲೆ ನಗು ಬಂತು, ನಗುವ ಶಕ್ತಿ ಇಲ್ಲದವರ ನಗು. "ತೂಕ ಇರಬೇಕು, ಮೈಮ್ಯಾಲೆ ಅರಬಿ ಇರಬೇಕು, ಅಷ್ಟಿದ್ರ ಕೂಸು ಅಂತ ತಿಳ್ಕೋ ಅಂತ ಗ್ವಾಡಿಗೆ ಹೇಳಿದ್ವಿ. ನನ್ನ ತೊಟ್ಲದಾಗೂ ಗುಂಡಕಲ್ಲು ಇಟ್ಟಿದ್ರಂತ, ನಮ್ಮವ್ವ ಹೇಳ್ತಿದ್ಲು. ಮರತಬಿಟ್ಟೆ ನೋಡ್ರಿ."

ಆಗ ಎಲ್ಲರಿಗೂ ಅರ್ಥವಾಯಿತು. ಕದಲದ, ಹಸಿಯದ, ಯಾರನ್ನೂ ಕರೆಯದ ಆ ಕಲ್ಲೇ ಗೋಡೆಯ ಪಾಲಿಗೆ ನೆಮ್ಮದಿಯ ಕೂಸು. ತಿಂಗಳುಗಟ್ಟಲೆ ಅದನ್ನು ನೋಡಿ ಕಲಿತ ಗೋಡೆ, ಹೊಸದಾಗಿ ಬಂದ ಜೀವವನ್ನೂ ಪ್ರೀತಿಯಿಂದಲೇ ಕಲ್ಲು ಮಾಡಹೊರಟಿತ್ತು.

"ಕಲಿತಿದ್ದನ್ನ ಅಳಿಸಿ, ನಿಮ್ಮ ಕೂಸಿನ ನೆಲಿ ಕಲಿಸ್ತೀನಿ. ಒಂದು ದಿನದ ಕೆಲಸ," ಎಂದರು ಬೆಳವಡಿ. "ಹೊತ್ತಿಗೆ ಸರಿಯಾಗಿ ಹಾಲಿಗೆ ಕರೀತೈತಿ. ನೀವು ನಿದ್ದಿ ಮಾಡಬಹುದು."

ನಿದ್ದೆ ಎಂಬ ಶಬ್ದ ಕೇಳಿಯೇ ಇಂಚರಾಳ ಕಣ್ಣು ತುಂಬಿತು. ಹೂಂ ಎನ್ನಲು ಬಾಯಿ ತೆರೆದಳು. ಆದರೆ ಬೆಳವಡಿಯವರ ಮುಖದಲ್ಲಿ ಹೇಳದೆ ಉಳಿದದ್ದು ಏನೋ ಇತ್ತು.

"ಬ್ಯಾರೆ ಮನ್ಯಾಗಿನ ಕೂಸುಗಳು ಹೆಂಗದಾವ್ರಿ? ಕಲ್ಲು ಇಡದ ಮನೀವು?"

"ತೂಕ ಚಲೋ ಐತಿ. ಆರೋಗ್ಯ ಚಲೋ ಐತಿ." ಬೆಳವಡಿ ಚಾಪೆಯ ಮೇಲಿನ ಕೂಸನ್ನೇ ನೋಡುತ್ತಿದ್ದರು. "ಈಗ ನಡದಾಡಾಕತ್ತಾವ ಅವು. ಹೋದ ವಾರ ಒಂದು ಹುಡುಗಿ ನನ್ನ ಮುಂದ ಬಿತ್ತು, ಹಣೀಗೆ ಪೆಟ್ಟಾತು. ಅದು ಅಳಲಿಲ್ಲ. ಅವ್ವ ಎಲ್ಲಿ ಅಂತ ತಿರುಗಿ ಸೈತ ನೋಡಲಿಲ್ಲ. ಎದ್ದು, ರಕ್ತ ಒರಸಿಕೊಂಡು ಹೋತು. ಎಲ್ಲಾನೂ ಕರೆಯೂಕಿಂತ ಮೊದಲ ಬಂದೈತಿ ಅವಕ್ಕ. ಕರೆದ್ರ ಯಾರರ ಬರ್ತಾರ ಅನ್ನೂದನ್ನ ಕಲಿಯಾಕ ಜಾಗಾನ ಇದ್ದಿಲ್ಲ. ಅವರವ್ವ ನನಗ ಕೈಮುಗದು ಥ್ಯಾಂಕ್ಸ್ ಅಂದ್ಲು. ಆವತ್ತಿಂದ ನನಗ ಊಟ ಸೇರವಲ್ದು."

ರಶ್ಮಿ ತಡೆಯಲಾರದೆ ನಡುವೆ ಬಾಯಿ ಹಾಕಿದಳು.

"ಅಳದಿದ್ರ ಕೆಟ್ಟೇನೈತ್ರಿ? ನಮ್ಮ ಸಮರ್ಥ ಅತ್ತ ಕೂಸೇ ಅಲ್ಲ. ಆವಾಗ ಎಲ್ಲಿತ್ತು ಈ ಗ್ವಾಡಿ? ತುಟಿ ಸ್ವಲ್ಪ ಸೊಟ್ಟ ಆತು ಅಂದ್ರ ಕೈಯಾಗ ಮೊಬೈಲ್ ಕೊಡ್ತಿದ್ದೆ, ಗಪ್ ಅಂತಿದ್ದ. ಊಟಕ್ಕ ಮೊಬೈಲ್, ನಿದ್ದಿಗೆ ಮೊಬೈಲ್. ನನಗೂ ದಣಿವಿತ್ತಲ್ಲ, ಮನೀ ಕೆಲಸ, ಆಫೀಸಿನ ಕೆಲಸ. ಆವಾಗ ಎಲ್ಲಾರ ಮನ್ಯಾಗೂ ಅದ ಇತ್ತು. ಏನಾತು ಅಂವಗ? ಗುಂಡಕಲ್ಲಿನಂಗ ಬೆಳದಾನ."

ಇಂಚರಾ ತಲೆಯೆತ್ತಿ ಗಂಡನನ್ನು ನೋಡಿದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಅವನು ತಾಯಿಯ ಮಾತಿಗೆ ಹೂಂ ಎನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನ ಕೈ ತನಗೇ ಗೊತ್ತಿಲ್ಲದೆ ಹೊಟ್ಟೆಯ ಮೇಲಿನ ಹಳೆಯ ಹೊಲಿಗೆಯ ಗುರುತಿನ ಮೇಲಿತ್ತು. ಅತ್ತೆಯ ಮೇಲೆ ಸಿಟ್ಟು ಮಾಡಲು ಇಂಚರಾಳಿಗೆ ಆಗಲಿಲ್ಲ. ಆ ದಣಿವು ಎಂಥದ್ದೆಂದು ಈಗ ಅವಳಿಗೂ ಗೊತ್ತಿತ್ತು.

"ಗ್ವಾಡಿ ಬಂದ್ ಮಾಡ್ರಿ ಮೇಡಂ," ಎಂದಳು.

"ಪೂರ್ತಿ?"

"ಪೂರ್ತಿ. ಬಣ್ಣ ಇರಲಿ, ಹಳದಿ ಚಲೋ ಕಾಣ್ತೈತಿ."

ಬೆಳವಡಿ ಬಾಗಿಲ ಪಕ್ಕದ ಗುಂಡಿಯೊತ್ತಿ ಗೋಡೆಯನ್ನು ಬಂದ್ ಮಾಡಿ, ಹೊರಡುವಾಗ ಅವಳ ಭುಜವನ್ನು ಒಮ್ಮೆ ಮುಟ್ಟಿದರು. ಇಂಚರಾ ಕೂಸನ್ನು ತಂದು ಗಿಳಿಗೊಂಚಲಿನ ಕೆಳಗೆ ಮಲಗಿಸಿದಳು. ಕೋಣೆ ಬರೀ ಕೋಣೆಯಾಗಿತ್ತು. ಸ್ವಲ್ಪ ಹೊತ್ತಿಗೆ ಕೆಳದುಟಿ ನಡುಗಿತು, ಆಮೇಲೆ ಗದಗದ ಆ ಹಳೆಯ ಅಳು ಮನೆಯನ್ನೆಲ್ಲ ತುಂಬಿತು. ಅವಳು ದಣಿದು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

ಬಾಗಿಲಿಗೆ ಬಂದ ಸಮರ್ಥನ ಕೈ ತಾನಾಗಿ ಗೋಡೆಯ ಗುಂಡಿಯ ಕಡೆ ಹೋಯಿತು.

"ಅದು ಬ್ಯಾಡ," ಎಂದಳು ಇಂಚರಾ. "ಎತ್ಕೋ."

ಅವನು ಅಳುಕುತ್ತ ಎತ್ತಿಕೊಂಡ. ಕೂಸು ಇನ್ನೂ ಜೋರಾಗಿ ಚೀರಿ, ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಸಮರ್ಥ ಆ ಮುಷ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನ ತುಟಿಯೂ ಒಂದಿಷ್ಟು ನಡುಗಿತು.

"ನನಗ ಗೊತ್ತಾಗವಲ್ದು ಇಂಚರಾ," ಎಂದ. "ಏನ್ ಮಾಡ್ಲಿ, ಹೇಳು."

ಮದುವೆಯಾದಂದಿನಿಂದ ಅವನು ಅವಳನ್ನು ಸಹಾಯಕ್ಕೆ ಕರೆದದ್ದು ಅದೇ ಮೊದಲು. ಇಂಚರಾ ಗೋಡೆ ಹಿಡಿದು ಎದ್ದಳು.