ತೇಲಿಬಿಟ್ಟ ಚೀಲ

"ನಿಮ್ಮಮ್ಮನಿಗೆ ಸತ್ತ ಮೀನೇ ತಾನೆ ಬೇಕು, ಮಾರೋಕೆ? ಮತ್ತೆ ನೀನ್ಯಾಕೆ ಮೀನು ಸಾಕೋದು ಕಲಿಯೋಕೆ ಬಂದೆ?"

ಕಾಲೇಜಿನ ಕೊಳದ ಏರಿ ಮೇಲೆ ಇಡೀ ಕ್ಲಾಸು ನಿಂತಿತ್ತು. ಯಾರೋ ಕಿಸಕ್ಕನೆ ನಕ್ಕರು. ಇಂಥದಕ್ಕೆ ನಗುವವರು ಎಲ್ಲ ಕ್ಲಾಸಲ್ಲೂ ಇರ್ತಾರೆ!

ಅವನು ತಲೆ ಎತ್ತಲಿಲ್ಲ. ಸತ್ತ ಮೀನುಮರಿಗಳನ್ನು ಗೋರಿ ಬಕೆಟ್ಟಿಗೆ ಹಾಕುತ್ತಲೇ ಇದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಬೈದವಳು ಗಿಣಿ. ಆ ವಟವಟ ಬಾಯಿಗೆ ಗೆಳತಿಯರಿಟ್ಟ ಹೆಸರು. ಬೈಸಿಕೊಂಡವನು ಏಣಿ. ಅಷ್ಟುದ್ದ! ಪ್ರಾಕ್ಟಿಕಲ್‌ಗೆ ಇಬ್ಬರಿಗೂ ಸೇರಿ ಒಂದೇ ಕೊಳ. ಅಮ್ಮ ಮಾರ್ಕೆಟ್ಟಿನಲ್ಲಿ ಮೀನು ಮಾರ್ತಾಳೆ ಅಂತ ಅವನು ಹೇಳಿದ್ದು ಇವಳೊಬ್ಬಳಿಗೇ... ನಂಬಿ.

"ರಾತ್ರಿ ಕೊಳಕ್ಕೆ ಗಾಳಿ ಊದೋ ಮೆಷಿನ್ ಹಾಕೋ ಪಾಳಿ ನಿಂದು. ಮಲಗಿಬಿಟ್ಟೆ, ಅಲ್ವಾ?"

"ಹಾಕಿದ್ದೆ." ಅಷ್ಟೇ ಅಂದ.

ಮೇಡಂ ಬಂದರು. ಸತ್ತ ಮರಿಯೊಂದನ್ನು ಅಂಗೈಯಲ್ಲಿಟ್ಟು ನೋಡಿದರು.

"ಗಾಳಿ ಸಾಲದಿದ್ರೆ ಕೊಳದಲ್ಲಿರೋ ದೊಡ್ಡ ಮೀನೂ ಸಾಯ್ತಿತ್ತು. ಮರಿ ತಂದ ಚೀಲದ ನೀರು, ಕೊಳದ ನೀರು ಎರಡರ ಬಿಸಿಯೂ ಒಂದೇ ಹದಕ್ಕೆ ಬರೋವರೆಗೂ ಚೀಲ ತೇಲಿಬಿಡಿ, ಆಮೇಲೆ ಬಿಚ್ಚಿ ಅಂತ ಹೇಳಿರಲಿಲ್ವಾ? ನಿನ್ನೆ ಯಾರು ಬಿಚ್ಚಿದ್ದು?"

ಗಿಣಿಗೆ ನಿನ್ನೆಯದು ನೆನಪಾಯಿತು.

'ನಾನು ಬರೋವರೆಗೂ ಮುಟ್ಟಬೇಡ' ಅಂದು ಅವನು ಬಲೆ ತರಲು ಹೋಗಿದ್ದ. ಬಸ್ಸು ತಪ್ಪುತ್ತೆ ಅಂತ ಅವಳು ಮರಿಗಳನ್ನ ಸುರಿದು ಓಡಿದ್ದಳು! ವಾಪಸ್ ಬಂದವನಿಗೆ ಸಿಕ್ಕಿದ್ದು ಖಾಲಿ ಚೀಲ... ಅಂದ್ರೆ ಅವನಿಗೆ ಗೊತ್ತಿತ್ತು. ಬೈಸಿಕೊಳ್ಳುವಾಗಲೂ ಗೊತ್ತಿತ್ತು!

'ಹೇಳು, ನಾನೇ ಅನ್ನು...' ಅಂದುಕೊಳ್ಳುತ್ತಲೇ ಗಿಣಿ ಹಿಂದಿದ್ದವರ ನಡುವೆ ಸರಿದಳು.

"ಇಬ್ಬರಿಗೂ ಸೊನ್ನೆ," ಅಂದರು ಮೇಡಂ.

ಮನೆಯಲ್ಲಿ ತಟ್ಟೆ ಮುಂದೆ ಕೂತು ಗಿಣಿ ಅನ್ನ ಕಲಸುತ್ತಲೇ ಇದ್ದಳು.

"ಅಕ್ಕಾ, ಎಲ್ಲರೆದುರು ಅವನ ಅಮ್ಮನ್ನ ಮಾತಿಗೆ ಎಳೆದುಬಿಟ್ಟೆ ಕಣೇ..."

"ಮೂರು ಹೊತ್ತೂ ಅವನದೇ ಜಪ ಮಾಡ್ತೀಯ, ನಾಲಿಗೆ ಮಾತ್ರ ಹಿಡಿತದಲ್ಲಿಲ್ಲ!" ಅಕ್ಕ ನೀರಿನ ಲೋಟ ಕುಕ್ಕಿದಳು. "ಬೈದದ್ದು ಎಲ್ಲರೆದುರು ತಾನೆ? ಕ್ಷಮೆ ಮಾತ್ರ ಮೂಲೇಲಿ ಕೇಳ್ತೀಯಾ?"

ಮುಂದಿನ ವಾರ ಹೊಸ ಮರಿಗಳು ಬಂದವು. ಅದೇ ಏರಿ, ಅದೇ ಕ್ಲಾಸು.

"ಎಲ್ಲರೂ ಕೇಳಿ!" ಗಿಣಿ ಮುಂದೆ ಬಂದು ನಿಂತಳು. "ಚೀಲ ಬಿಚ್ಚಿದ್ದು ನಾನು. ಮರಿ ಕೊಂದಿದ್ದು ನಾನು. ನಂಬಿ ಹೇಳಿದ ಮಾತನ್ನೇ ಎತ್ತಿ ಇವನ ಮುಖಕ್ಕೆ ಹೊಡೆದೆ. ಮೇಡಂ, ಸೊನ್ನೆ ನನಗೊಬ್ಬಳಿಗೇ ಹಾಕಿ."

ಈ ಸಲ ಯಾರೂ ನಗಲಿಲ್ಲ.

ಅವಳು ಅವನ ಕಡೆ ತಿರುಗಿದಳು. ಕಣ್ಣೆತ್ತಲು ಆಗಲಿಲ್ಲ, ಅವನ ಕೆಸರು ಕಾಲನ್ನೇ ನೋಡುತ್ತಾ ಹೇಳಿದಳು.

"ಏಣಿ... ನೀನಂದ್ರೆ ನನಗಿಷ್ಟ ಕಣೋ. ಇದನ್ನ ಹೇಳೋಕೂ ನನಗೆ ಮುಖ ಇಲ್ಲ. ಕ್ಷಮಿಸ್ತೀಯಾ?"

ಏಣಿ ನೀರಿನಂಚಿಗೆ ಬಂದ. ಬಗ್ಗಿ, ಹೊಸ ಚೀಲವನ್ನು ಬಾಯಿ ಬಿಚ್ಚದೆ ನೀರಿಗೆ ಬಿಟ್ಟ. ಅದಕ್ಕೆ ಕಟ್ಟಿದ್ದ ಹಗ್ಗದ ತುದಿಯನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳು ಮಡಚಿದ. ಒದ್ದೆ ಕೈ... ಬೆಚ್ಚಗಿತ್ತು.

"ಬಿಚ್ಚಲ್ಲ," ಅಂದಳು, ಅಳುತ್ತಲೇ. "ನೀನು ಬರೋವರೆಗೂ ಮುಟ್ಟಲ್ಲ. ಬರ್ತೀಯ ತಾನೆ?"

ಅವನು ಏರಿ ಮೇಲೆ ನಡೆದುಹೋದ... ಬಲೆ ತರಲು.