ಒಂದೇ ಫೋಟೋದ ಮೂವತ್ತೊಂದು ಪ್ರತಿ

ಅವನು ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಬಿಟ್ಟವನೇ ಯಾರನ್ನೂ ಮಾತಾಡಿಸದೆ ನೇರವಾಗಿ ಬಂದು, ಅವಳ ಕಂಪ್ಯೂಟರ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಟ್ಟ!

ತೆರೆ ಕಪ್ಪಾಯಿತು. ಬೆಳಗಿನಿಂದ ಒಂದೊಂದೇ ಕೂದಲೆಳೆ ಬಿಡಿಸಿ ತಿದ್ದಿದ್ದ ಮದುಮಗಳ ಮುಖ ಆ ಕಪ್ಪಿನೊಳಗೆ ಮುಳುಗಿಹೋಯಿತು. ಅವಳ ಕೈ ಇನ್ನೂ ಮೌಸ್ ಮೇಲೆಯೇ ಇತ್ತು.

'ಯಾರಿವನು? ತಲೆ ಸರಿ ಇದೆಯಾ ಇವನಿಗೆ?'

"ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿತ್ತು. ಬಾಗಿಲಿಗೇ ಕೇಳಿಸ್ತು," ಎಂದ ಅವನು, ಪ್ಲಗ್ ಕೈಯಲ್ಲೇ ಹಿಡಿದು. "ಇನ್ನೊಂದು ಸ್ವಲ್ಪ ಹೊತ್ತು ಓಡಿದ್ರೆ ಒಳಗಿರೋ ಫೋಟೋ ಒಂದೂ ಉಳೀತಿರ್ಲಿಲ್ಲ."

"ನಾನು ಸೇವ್ ಮಾಡಿರ್ಲಿಲ್ಲ…"

"ಗೊತ್ತಾಯ್ತು. ತಪ್ಪಾಯ್ತು."

ಅವನು ಅದೇ ಬೀದಿಯಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ಕಂಪ್ಯೂಟರ್ ರಿಪೇರಿಯವನು; ಕಂಪ್ಯೂಟರ್ ನಿಧಾನವಾಗಿದೆಯೆಂದು ಸ್ಟುಡಿಯೋದ ಯಜಮಾನರೇ ಕರೆಸಿದ್ದರು. ಕಂಪ್ಯೂಟರ್ ಬಿಚ್ಚುವ ಮೊದಲು ಅದಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದುದರಿಂದ ಬೀದಿಗೆಲ್ಲ ಅವನು 'ಡಾಕ್ಟರ್'. ಎರಡು ದಿನ ಬಿಟ್ಟು ಆರು ವರ್ಷದ ಫೋಟೋಗಳನ್ನೆಲ್ಲ ಉಳಿಸಿ ತಂದುಕೊಟ್ಟ. ಹೋದದ್ದು ಆ ಒಂದು ಬೆಳಗಿನ ಕೆಲಸ ಮಾತ್ರ. ಇನ್ನು ಕೋಪಿಸಿಕೊಳ್ಳುವುದು ನ್ಯಾಯವಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಕೋಪ ನ್ಯಾಯ ಕೇಳಿಕೊಂಡು ಬರುತ್ತದೆಯೇ? ಒಂದು ವಾರ ಮುಖ ಊದಿಸಿಕೊಂಡೇ ಇದ್ದಳು.

ಆ ವಾರವೆಲ್ಲ ಅವನು ಅವಳ ಪಕ್ಕದಲ್ಲೇ ಕುಳಿತು ಮೂರು ಡ್ರೈವ್‌ಗಳನ್ನು ಜೋಡಿಸಿದ. ಈಗ ತಿದ್ದುತ್ತಿರುವ ಫೋಟೋಗಳು ಹೊಸ ವೇಗದ ಡ್ರೈವ್‌ಗೆ. ಮುಗಿದ ಆಲ್ಬಂಗಳು ದೊಡ್ಡ ನಿಧಾನದ ಡ್ರೈವ್‌ಗೆ. ತಿದ್ದುವಾಗ ಕಂಪ್ಯೂಟರ್ ತನಗೆ ತಾನೇ ಬರೆದುಕೊಳ್ಳುವ ಚಿಲ್ಲರೆ ಫೈಲುಗಳಿಗೆ ಮೂರನೆಯದೊಂದು ಚಿಕ್ಕದು.

"ಅಡುಗೆಮನೆ ಇದ್ದ ಹಾಗೆ ಎಡಿಟರಮ್ಮ," ಎಂದಿದ್ದ. "ದಿನಾ ಬೇಕಾಗೋದು ಒಲೆ ಪಕ್ಕ. ಕೆಲಸ ಮುಗಿದಿದ್ದು ಅಟ್ಟಕ್ಕೆ. ಎಲ್ಲಾನೂ ಒಲೆ ಪಕ್ಕಾನೇ ಇಟ್ಕೊಂಡ್ರೆ ಕೈ ಆಡ್ಸೋಕೆ ಜಾಗ ಇರಲ್ಲ."

ಎಡಿಟರಮ್ಮ! ಅವಳಿಗೆ ನಗು ಬಂತು. ಊದಿದ ಮುಖ ಅಲ್ಲಿಗೆ ಇಳಿಯಿತು.

ಆಮೇಲೆ ಅವನ ತಂಗಿಯ ಮದುವೆ ಬಂತು. ಫೋಟೋ ತೆಗೆದವರು ಅವಳ ಚಿಕ್ಕಪ್ಪ. ಅವಳನ್ನು ಚಿಕ್ಕಂದಿನಿಂದ ಸಾಕಿದವರೂ ಅವರೇ, ಸ್ಟುಡಿಯೋದ ಯಜಮಾನರೂ ಅವರೇ. ಎರಡು ಸಾವಿರ ಫೋಟೋಗಳಲ್ಲಿ ಒಂದು ಕುಟುಂಬದ ಗ್ರೂಪ್ ಫೋಟೋ. ನಡುವೆ ಮದುಮಕ್ಕಳು, ಮದುಮಗನ ಪಕ್ಕದಲ್ಲಿ ಅವನ ತಮ್ಮ, ಎತ್ತರದ ಹುಡುಗ, ಬೆಳಕೆಲ್ಲ ಅವನ ಮೇಲೆಯೇ ಬಿದ್ದಿತ್ತು. ಬಲತುದಿಯಲ್ಲಿ, ಅರ್ಧ ಫ್ರೇಮಿನ ಹೊರಗೆ, ಯಾರಿಗೋ ಕೂರಲು ಸ್ಟೂಲ್ ಹೊತ್ತು ತರುತ್ತಿದ್ದ ಡಾಕ್ಟರ್. ಫೋಟೋ ತೆಗೆಯುತ್ತಿರುವುದೇ ಗೊತ್ತಿಲ್ಲದೆ ನಗುತ್ತಿದ್ದ.

ಆ ನಗುವಿನಲ್ಲಿ ಅವಳು ಜಾರಿಬಿದ್ದಳು. ಎದ್ದು ನಿಲ್ಲುವ ಮನಸ್ಸೂ ಮಾಡಲಿಲ್ಲ.

ಆಲ್ಬಂ ಕೊಟ್ಟು ಮುಗಿಯಿತು. ಆದರೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಬೇರೆ ಕೆಲಸಕ್ಕೆ ಮೊದಲು, ಆ ಫೋಟೋ ತೆರೆಯುತ್ತಿದ್ದಳು. ಕೈ ಪಳಗಲಿ ಅಂತ ತನಗೆ ತಾನೇ ನೆಪ ಹೇಳಿಕೊಂಡು ಅವನ ತೋಳಿನ ಮಡಿಕೆ, ಭುಜದ ಮೇಲಿನ ನೆರಳು ತಿದ್ದುತ್ತಿದ್ದಳು. ನಿನ್ನೆಯದನ್ನು ಅಳಿಸಲು ಮನಸ್ಸು ಬಾರದೆ ಹೊಸ ಹೊಸ ಪ್ರತಿಯಾಗಿ ಉಳಿಸುತ್ತಿದ್ದಳು. ಅವನೆದುರು ಮಾತ್ರ ಬಾಯಿ ಬಿಡಲಿಲ್ಲ. ಹೇಳಿಬಿಟ್ಟ ಮೇಲೆ ಅವನು ಬೇಡವೆಂದರೆ? ಈ ಬೀದಿಯಲ್ಲಿ ದಿನಾ ಮುಖ ನೋಡುವುದು ಹೇಗೆ?

ಕಂಪ್ಯೂಟರ್ ಮತ್ತೆ ಆಮೆಯಾಯಿತು. ಒಂದು ಗೆರೆ ಎಳೆದರೆ ಅದು ಮೂಡುವಷ್ಟರಲ್ಲಿ ಆಕಳಿಕೆ ಬರುತ್ತಿತ್ತು. ಚಿಕ್ಕಪ್ಪ ಅವನನ್ನು ಕರೆಸಿದರು.

"ವೇಗದ ಡ್ರೈವ್ ತುಂಬಿ ಹೋಗಿದೆ," ಎಂದ ಅವನು ಅಚ್ಚರಿಯಿಂದ. "ಏನಿಟ್ಟಿದೀರಿ ಇಷ್ಟೊಂದು?"

ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಗಿರಾಕಿ ಬಂದರು. ಅವಳು ಎದ್ದು ಮುಂದಿನ ಕೋಣೆಗೆ ಹೋದಳು. ಹತ್ತು ನಿಮಿಷ ಬಿಟ್ಟು ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ತೆರೆಯ ಮೇಲೆ ಅವನ ತಂಗಿಯ ಮದುವೆಯ ಫೋಲ್ಡರ್! ಕುಟುಂಬ ಒಂದು, ಕುಟುಂಬ ಎರಡು… ದಿನಕ್ಕೊಂದರಂತೆ ಮೂವತ್ತೊಂದರವರೆಗೆ. ಅಟ್ಟಕ್ಕೆ ಹಾಕದ ಹಳೆಯ ಆಲ್ಬಂಗಳ ಜೊತೆ ಡ್ರೈವ್ ತುಂಬಿಸಿದ್ದು ಇವೇ.

ಅವಳು ಬಾಗಿಲಲ್ಲೇ ನಿಂತಳು.

'ನೋಡಿಬಿಟ್ಟ… ಎಲ್ಲಾ ನೋಡಿಬಿಟ್ಟ!'

ಅವನು ಅವಳ ಕಣ್ಣು ತಪ್ಪಿಸಿ, ಇನ್ನರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದಷ್ಟೇ ಹೇಳಿದ. ಮುಗಿಸಿ, ಕೊಟ್ಟ ಕಾಫಿಯನ್ನೂ ಮುಟ್ಟದೆ ಹೋದ. ಅವಳಿಗೆ ಉತ್ತರ ಸಿಕ್ಕ ಹಾಗಾಯಿತು. ಅವನಿಗೆ ತಾನು ಬೇಡ.

ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದರೆ ಚಿಕ್ಕಪ್ಪನ ಮುಖ ಊರಗಲ.

"ಕಳ್ಳಿ, ನನ್ಹತ್ರಾನೂ ಮುಚ್ಚಿಟ್ಯಲ್ಲ," ಎಂದರು. "ಹುಡುಗನ ಮನೆಯವರೇ ಫೋನ್ ಮಾಡಿದ್ರು. ಭಾನುವಾರ ಮಾತಾಡೋಕೆ ಬರ್ತಾರೆ. ನಾನು ಆಗ್ಲಿ ಅಂದೆ."

ಅವಳ ಕಾಲ ಕೆಳಗಿನ ನೆಲವೇ ಹೂವಾಯಿತು. ಹಾಗಾದರೆ ನಿನ್ನೆಯ ಆ ಬಿಳಿಚಿದ ಮುಖ… ನಾಚಿಕೆಯೇ?

"ಡಾಕ್ಟರ್ ಮನೆಯವರಾ?" ಎಂದಳು ಮೆಲ್ಲಗೆ.

"ಡಾಕ್ಟರ್ ಯಾಕೆ ಬರ್ತಾನೆ ಮಧ್ಯೆ? ಅವನ ತಂಗಿಯ ಮೈದುನ ಕಣೇ! ನೀನು ಅವನ್ನ ಇಷ್ಟಪಟ್ಟಿದೀಯ ಅಂತ ಡಾಕ್ಟರೇ ತಂಗಿಗೆ ಹೇಳಿದ್ನಂತೆ. ಎಂಥಾ ಉಪಕಾರಿ ನೋಡು."

ಅವಳು ಸಿಡಿಲು ಬಡಿದವಳಂತೆ ನಿಂತಳು. ಯಾವ ಮೈದುನ? ಯಾವ ಇಷ್ಟ? ಅವನ ಹೆಸರೂ ಅವಳಿಗೆ ಗೊತ್ತಿರಲಿಲ್ಲ! ಚಿಕ್ಕಪ್ಪ ಇನ್ನೂ ಏನೇನೋ ಹೇಳುತ್ತಲೇ ಇದ್ದರು, ಅವಳು ಕಂಪ್ಯೂಟರ್ ಹಾಕಿದಳು. ಅದು ಕಣ್ಣು ಮಿಟುಕಿಸುವುದರಲ್ಲಿ ತೆರೆದುಕೊಂಡಿತು. ವೇಗದ ಡ್ರೈವ್‌ನಲ್ಲಿದ್ದ ಹತ್ತಾರು ಮುಗಿದ ಆಲ್ಬಂಗಳು ಅಟ್ಟ ಸೇರಿದ್ದವು. ಆ ಒಂದು ಫೋಲ್ಡರ್ ಮಾತ್ರ ಎಲ್ಲಕ್ಕಿಂತ ಮೇಲೆ ಇತ್ತು. ಒಳಗೆ ಒಂದು ಪುಟ್ಟ ಚೀಟಿಯ ಫೈಲು.

'ಎಡಿಟರಮ್ಮ, ಮುಗಿದ ಮದುವೆ ಅಟ್ಟಕ್ಕೆ ಹೋಗಬೇಕಿತ್ತು. ನೀವು ದಿನಾ ತೆರೆಯುವುದರಿಂದ ಇಲ್ಲೇ ಇಟ್ಟಿದ್ದೇನೆ. ಭಾವನ ತಮ್ಮ ಒಳ್ಳೆಯ ಹುಡುಗ. ತಂಗಿಗೆ ಒಂದು ಮಾತು ಹೇಳುತ್ತೇನೆ. ಚೆನ್ನಾಗಿರಿ.'

ಅಯ್ಯೋ ದೇವರೇ! ಮೂವತ್ತೊಂದು ಪ್ರತಿ ನೋಡಿಯೂ ಅವನ ಕಣ್ಣಿಗೆ ಬಿದ್ದದ್ದು ನಡುವೆ ನಿಂತಿದ್ದವನು. ತುದಿಯಲ್ಲಿ ಸ್ಟೂಲ್ ಹೊತ್ತವನ ಕಡೆ ಯಾರಾದರೂ ನೋಡುತ್ತಾರೆ ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸುಮ್ಮನಿದ್ದರೆ ಭಾನುವಾರ ಬಂದೇ ಬರುತ್ತದೆ. ಕೊನೆಯ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಚಿಕ್ಕಪ್ಪ ಕರೆದರೂ ಕೇಳದೆ ಬೀದಿ ದಾಟಿದಳು.

ಅವನು ಯಾವುದೋ ಕಂಪ್ಯೂಟರ್ ಬಿಚ್ಚಿಟ್ಟು ಸುಮ್ಮನೆ ಕುಳಿತಿದ್ದ. ಅವಳನ್ನು ನೋಡಿ ಗಾಬರಿಯಿಂದ ಎದ್ದ. ಅವಳು ಪೆನ್‌ಡ್ರೈವ್ ಅವನ ಮುಂದಿಟ್ಟು, ತೆರೆಯಿರಿ ಎಂದಳು.

"ನೋಡಿದೀನಿ," ಎಂದ.

"ಸರಿಯಾಗಿ ನೋಡಿಲ್ಲ. ಭಾವನ ತಮ್ಮನ ಮುಖ ದೊಡ್ಡದು ಮಾಡಿ."

ಅವನು ಒಲ್ಲದ ಮನಸ್ಸಿನಿಂದ ಮಾಡಿದ. ಆ ಹುಡುಗನ ಮುಖ ತೆರೆಯ ತುಂಬ ಹರಡಿತು.

"ಹಣೆ ಮೇಲೆ ಏನಿದೆ?"

"ಮೊಡವೆ…"

"ಗದ್ದದ ಮೇಲೆ?"

"ಇನ್ನೊಂದು. ಹಲ್ಲಲ್ಲಿ ಏನೋ ಸಿಕ್ಕೊಂಡಿದೆ."

"ಮದುಮಗಳ ಕಾಲಿನ ಉಗುರು ಕೂಡ ತಿದ್ದೋಳು ನಾನು," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. "ಆಲ್ಬಂಗೆ ಬೇರೆ ಫೋಟೋ ಹೋಯ್ತು, ಇದು ನನಗೋಸ್ಕರ ಇಟ್ಕೊಂಡಿದ್ದು. ಮೂವತ್ತೊಂದು ದಿನ ಇದನ್ನ ತಿದ್ದಿದೀನಿ, ಆ ಮೊಡವೆ ನನ್ನ ಕಣ್ಣಿಗೇ ಬಿದ್ದಿಲ್ಲ. ನಿನ್ನೆ ನೀವು ಹೋದ ಮೇಲೂ ಬಿದ್ದಿರ್ಲಿಲ್ಲ, ಇವತ್ತು ಚೀಟಿ ಓದಿದ ಮೇಲೆ ನೋಡಿದೆ. ಈಗ ಫೋಟೋದ ಬಲತುದಿಗೆ ಹೋಗಿ."

ಅವನು ಫೋಟೋವನ್ನು ಸರಿಸಿದ. ಸ್ಟೂಲ್ ಹೊತ್ತವನು ಬಂದ. ಅಂಗಿಯ ಒಂದೊಂದು ನೂಲೂ ಬಿಡಿಸಿಟ್ಟಂತಿತ್ತು. ಬೆವರಿನ ಹನಿ ಮಾತ್ರ ಒರೆಸದೆ ಹಾಗೇ ಬಿಟ್ಟಿದ್ದಳು.

ಅವನು ಕುರ್ಚಿಗೆ ಕುಸಿದ.

"ನಿನ್ನೆ ಅದನ್ನ ಅಟ್ಟಕ್ಕೆ ಹಾಕ್ಬಿಡೋಣ ಅಂತ ಕೈ ಹೋಗಿತ್ತು," ಎಂದ. "ಹೊಟ್ಟೆಕಿಚ್ಚು. ಆದ್ರೆ ಅದು ತೆರೆಯೋಕೆ ನೀವು ದಿನಾ ಬೆಳಿಗ್ಗೆ ಕಾಯ್ಬೇಕಲ್ಲ ಅನ್ನಿಸ್ತು. ಆಗ್ಲಿಲ್ಲ. ಮೊದಲ ದಿನ ನಿಮ್ಮ ಪ್ಲಗ್ ಕಿತ್ತಾಗ ನೀವು ನೋಡಿದ್ರಲ್ಲ, ಅವತ್ತಿಂದ ನನ್ನ ಮನಸ್ಸಲ್ಲಿ ನೀವೇ, ಎಡಿಟರಮ್ಮ. ಹೇಳೋಕೆ ಧೈರ್ಯ ಇರ್ಲಿಲ್ಲ."

"ನನಗೂ ಇರ್ಲಿಲ್ಲ. ನಿಮ್ಮ ಉಪಕಾರದಿಂದ ಬಂತು."

ಅವನು ನಗಲು ಹೋಗಿ ಕಣ್ಣೊರೆಸಿಕೊಂಡ. ಅಲ್ಲೇ ತಂಗಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡ. ಆ ಕಡೆಯಿಂದ ಬಿದ್ದ ಬೈಗುಳ ಅವಳಿಗೂ ಕೇಳಿಸಿತು, ನಡುನಡುವೆ ಬಂದ ನಗುವೂ ಕೇಳಿಸಿತು. ಮೈದುನನಿಗೆ ಬೇರೆ ಹುಡುಗಿ ಇಷ್ಟವಂತೆ, ಅಮ್ಮನ ಒತ್ತಾಯಕ್ಕೆ ತಲೆಯಾಡಿಸಿದ್ದನಂತೆ.

"ಚಿಕ್ಕಪ್ಪನಿಗೆ ಏನು ಹೇಳ್ಲಿ?" ಎಂದಳು ಅವಳು.

"ಭಾನುವಾರ ಅದೇ, ಬರೋ ಮನೆಯವರು ಬೇರೆ ಅಂತ ಹೇಳಿ. ಅಮ್ಮನ್ನ ಕರ್ಕೊಂಡು ನಾನೇ ಬರ್ತೀನಿ." ಸ್ವಲ್ಪ ತಡೆದು, ಕಸುಬು ಬಿಡದವನಂತೆ ಸೇರಿಸಿದ, "ಆ ಮೂವತ್ತೊಂದು ಪ್ರತಿ ಮಾತ್ರ ಡ್ರೈವ್‌ನಲ್ಲಿ ಹಾಗೇ ಇವೆ. ಇನ್ನೊಂದು ತಿಂಗಳಿಗೆ ಮತ್ತೆ ನಿಧಾನ ಆಗತ್ತೆ."

"ಅಳಿಸಿಬಿಡಿ."

"ಎಲ್ಲಾನಾ? ಬೆಳಿಗ್ಗೆ ಏನು ನೋಡ್ತೀರಿ?"

"ಒಂಬತ್ತಕ್ಕೆ ಸ್ಟುಡಿಯೋ ತೆಗೀತೀನಿ," ಎಂದಳು ಅವಳು. "ನೀವೇ ಬನ್ನಿ."